ಎರೆ ಭೂಮಿ ಮನೆ, ಮೇಲಿನ ಹೊಲದ ನೀರು ಹಿತ್ತಲಿಗೆ: ಚರಂಡಿ ಎಲ್ಲಿಂದ ಎಲ್ಲಿಗೆ ತೆಗೆಯೋದು?

ಎರೆಹೊಲದ ಮನೆ

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ತಾಲ್ಲೂಕು, ತುರುವನೂರು ಕಡೆ ಹಳ್ಳಿ. ಅಪ್ಪಟ ಎರೆ ಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣು. ಜಾಗ ಉತ್ತರ–ದಕ್ಷಿಣ 60 ಅಡಿ, ಪೂರ್ವ–ಪಶ್ಚಿಮ 90 ಅಡಿ. ಮನೆ 30x40, ಆರ್‌ಸಿಸಿ, ಪೂರ್ವಕ್ಕೆ ಬಾಗಿಲು. ಬಾಗಿಲ ಹತ್ತಿರ ಪಾಯ ನೆಲದಿಂದ ಒಂದೂವರೆ ಅಡಿ ಎತ್ತರ. ಹಿಂದುಗಡೆ, ಅಂದರೆ ಪಶ್ಚಿಮಕ್ಕೆ, ಬೇರೆಯವರ ಎರಡು ಎಕರೆ ಹೊಲ, ಈರುಳ್ಳಿ ಇಲ್ಲಾ ಮೆಕ್ಕೆಜೋಳ ಹಾಕ್ತಾರೆ. ಅದು ನಮಗಿಂತ ಎತ್ತರದಲ್ಲಿದೆ. ಮುಂದೆ ಊರ ರಸ್ತೆ, ಅದರ ಪಕ್ಕ ಪಂಚಾಯಿತಿ ಚರಂಡಿ.

ಜೂನ್ ಮಳೆಗೆ ಏನೂ ತೊಂದರೆ ಇಲ್ಲ. ಉತ್ತರೆ, ಹಸ್ತದ ಮಳೆ (ಸೆಪ್ಟೆಂಬರ್–ಅಕ್ಟೋಬರ್) ಜೋರಾಗಿ ಹಿಡಿದರೆ ಮಾತ್ರ ಹೊಲದ ನೀರೆಲ್ಲ ಹಿತ್ತಲಿಗೆ ನುಗ್ಗಿ, ಮನೆಯ ಎರಡೂ ಮಗ್ಗುಲಲ್ಲಿ ಹರಿದು ಜಾಗದ ಈಶಾನ್ಯ ಮೂಲೆಯಲ್ಲಿ ನಿಲ್ಲುತ್ತೆ. ಮೂರ್ನಾಲ್ಕು ದಿನ ಇಳಿಯಲ್ಲ. ವಾಸ್ತು ಪ್ರಕಾರ ಬೋರ್‌ವೆಲ್ಲೂ ಅದೇ ಮೂಲೆಯಲ್ಲಿದೆ! ಸಿಸಿ ಮೇಲೆ ಸಿಸಿ ಹಾಕಿ ಈಗ ರಸ್ತೆಯೇ ಅಂಗಳಕ್ಕಿಂತ ಮೇಲೆ ಬಂದಿದೆ. ಈಶಾನ್ಯದ ಗೋಡೆಯಲ್ಲಿ ಓರೆ ಬಿರುಕು, ಒಳಗೆ ಎರಡು ಅಡಿವರೆಗೆ ತೇವ. ಬಚ್ಚಲು ನೀರು ಬಾಳೆ ಬುಡಕ್ಕೆ ಬಿಟ್ಟಿದೆ, ಅಲ್ಲಿ ಗಬ್ಬು ವಾಸನೆ. ಕೊಟ್ಟಿಗೆಯಲ್ಲಿ ನಾಲ್ಕು ದನ ಇವೆ.

ಒಬ್ಬ ಮೇಸ್ತ್ರಿ 10 ಅಡಿ ಆಳದ ಇಂಗು ಗುಂಡಿ ತೆಗೆದು ಎಲ್ಲ ನೀರನ್ನೂ ಅದಕ್ಕೆ ಬಿಡಿ ಅಂತಾರೆ. ಇನ್ನೊಬ್ಬರು ಜಾಗಕ್ಕೆಲ್ಲ ಎರಡು ಅಡಿ ಮಣ್ಣು ಹೊಡೆಸಿ ಅಂತಾರೆ. ತಿಳಿದವರು ಹೇಳಿ, ಯಾವುದು ಮಾಡೋದು?

ಮಟ್ಟಗೋಲು

ಎರಡೂ ಬೇಡ ಸರ್. ಲೆಕ್ಕ ಹಾಕಿದರೆ ಯಾಕೆ ಅಂತ ತಾನಾಗೇ ಗೊತ್ತಾಗುತ್ತೆ.

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಜಾಗ 5400 ಚದರ ಅಡಿ, ಅಂದರೆ ಸುಮಾರು 500 ಚದರ ಮೀಟರ್. 50 ಮಿಮೀ ಮಳೆಗೆ ನಿಮ್ಮ ಜಾಗದಲ್ಲಿ ಬೀಳೋದು 25,000 ಲೀಟರ್. ಮೇಲಿನ ಎರಡು ಎಕರೆಯಲ್ಲಿ ಬೀಳೋದು 4 ಲಕ್ಷ ಲೀಟರ್. ನೆಲ ತೊಯ್ದಿರೋ ಹೊತ್ತಿನಲ್ಲಿ ಅದರಲ್ಲಿ ಅರ್ಧ ಹರಿದು ಬಂತು ಅಂದರೂ 2 ಲಕ್ಷ. ನಿಮ್ಮ ಸ್ವಂತ ನೀರಿನ ಎಂಟು ಪಟ್ಟು ಹೊರಗಿಂದ ಬರ್ತಿದೆ. ಇನ್ನು 4 ಅಡಿ ಅಗಲ 10 ಅಡಿ ಆಳದ ಗುಂಡಿ ಹಿಡಿಯೋದು ಮೂರೂವರೆ ಸಾವಿರ ಲೀಟರ್, ಕಲ್ಲು ತುಂಬಿದರೆ ಅದರಲ್ಲೂ ಅರ್ಧಕ್ಕಿಂತ ಕಮ್ಮಿ. ಗಂಟೆಗೆ 60 ಮಿಮೀ ವೇಗದಲ್ಲಿ ಮಳೆ ಹೊಡೆದರೆ ಆ ಹೊಲದಿಂದ ಸೆಕೆಂಡಿಗೆ 65–70 ಲೀಟರ್ ಬರುತ್ತೆ. ಗುಂಡಿ ಒಂದು ನಿಮಿಷಕ್ಕೆ ತುಂಬಿತು. ಆಮೇಲೆ?

ತುಂಬಿದ್ದು ಇಂಗೋದೂ ಇಲ್ಲ. ಎರೆ ಮಣ್ಣಿನ ಗುಣವೇ ಅದು: ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟು ಮೊದಲ ಮಳೆಗಳನ್ನ ಕುಡಿಯುತ್ತೆ, ಒಮ್ಮೆ ಉಬ್ಬಿ ಬಿರುಕು ಮುಚ್ಚಿಕೊಂಡರೆ ಗಂಟೆಗೆ ಕೆಲವೇ ಮಿಲಿಮೀಟರ್ ಒಳಗೆ ಬಿಡುತ್ತೆ. ಜೂನ್‌ನಲ್ಲಿ ಇಲ್ಲದ ತೊಂದರೆ ಹಸ್ತಕ್ಕೆ ಬರೋದು ಇದಕ್ಕೇ.

ಎರಡು ಅಡಿ ಮಣ್ಣು ಹೊಡೆಸಿದರೆ ಒಂದೂವರೆ ಅಡಿ ಪಾಯ ಹೂತೇ ಹೋಗುತ್ತೆ, ಗೋಡೆಗೆ ನೇರ ತೇವ. ಮನೆ ಬಿಟ್ಟು 4200 ಚದರ ಅಡಿಗೆ 84 ಯೂನಿಟ್ (ಒಂದು ಯೂನಿಟ್ ಅಂದರೆ 100 ಘನ ಅಡಿ) ಮಣ್ಣು ಬೇರೆ. ನೀರು ಅಷ್ಟಕ್ಕೆ ನಿಲ್ಲಲ್ಲ, ಪಕ್ಕದ ಮನೆಗೆ ಹೋಗಿ ಜಗಳ ತರುತ್ತೆ.

ಮೊದಲು ಮಟ್ಟ ನೋಡಿ. ಕಣ್ಣಳತೆ ನಂಬಬೇಡಿ, ಎರೆ ಹೊಲ ನೋಡೋಕೆ ಸಪಾಟಾಗಿದ್ದರೂ ನೂರಡಿಗೆ ಎರಡಡಿ ಇಳಿಜಾರು ಇರುತ್ತೆ. ಗಾರೆಯವರ ಮಟ್ಟದ ಪೈಪು ಸಾಕು: ತಿಳಿ ಬಣ್ಣದ 10 ಎಂಎಂ ಪೈಪು, 100 ಅಡಿ ಉದ್ದ. ಬಕೆಟ್ ಮೇಲಿಟ್ಟು ಒಂದು ತುದಿಯಿಂದ ನಿಧಾನಕ್ಕೆ ನೀರು ತುಂಬಿ. ನಡುವೆ ಒಂದು ಗಾಳಿ ಗುಳ್ಳೆ ಉಳಿದರೂ ಅಳತೆ ಇಂಚುಗಟ್ಟಲೆ ತಪ್ಪುತ್ತೆ. ಎರಡು ತುದಿ ಪಕ್ಕಪಕ್ಕ ಹಿಡಿದು ನೀರು ಸಮ ನಿಂತಿದೆಯಾ ನೋಡಿಕೊಂಡು ಶುರು ಮಾಡಿ. ನೈಋತ್ಯ ಮೂಲೆಯ ನೆಲವನ್ನ ಸೊನ್ನೆ ಅಂತ ಇಟ್ಟುಕೊಂಡು ಉಳಿದ ಮೂರು ಮೂಲೆ, ರಸ್ತೆ ಚರಂಡಿಯ ತಳ (ದಂಡೆ ಅಲ್ಲ) ಎರಡು ಕಡೆ, ಮನೆ ಮೂಲೆಗಳಲ್ಲಿ ಪಾಯ ಎಷ್ಟು ಕಾಣುತ್ತೆ, ಇಷ್ಟು ಬರೆದು ಹಾಕಿ. ಚರಂಡಿ ತಳ ಅಳೆಯುವ ಮುಂಚೆ ಹೂಳು ತೆಗೆಸಿ, ಇಲ್ಲದಿದ್ದರೆ ಹೂಳಿನ ಮಟ್ಟ ಅಳೆದ ಹಾಗಾಗುತ್ತೆ.

ಚನ್ನಗಿರಿ ತೋಟ

ಅಣ್ಣ, ಅಡಿಕೆ ತೋಟದಲ್ಲಿ ಮಾಡೋ ಹಂಗೆ ಬಸಿಗಾಲುವೆ ಮಾಡಿಬಿಡ್ರಿ. ಹಿತ್ತಲಲ್ಲಿ ಮನೆಗೆ ಹೊಂದಿಕೊಂಡು 3 ಅಡಿ ಆಳ ತೆಗೆದು, ತೂತು ಹೊಡೆದ 4 ಇಂಚಿನ ಪೈಪು ಇಟ್ಟು ಮೇಲೆ ಜಲ್ಲಿ ತುಂಬಿದರೆ ಆತು. ಮೇಲೆ ಕಾಣೋದೂ ಇಲ್ಲ, ಓಡಾಡಕ್ಕೂ ತೊಂದರೆ ಇಲ್ಲ. ನಮ್ಮ ಕಡೆ ಭದ್ರಾ ನಾಲೆ ಜಿನುಗಿಗೆ ಇದೇ ಮಾಡೋದು.

ಮಟ್ಟಗೋಲು

ತೋಟದವರೇ, ನಿಮ್ಮ ಕಡೆಗೆ ಅದು ಸರಿ. ನಾಲೆ ಜಿನುಗು ನೆಲದ ಒಳಗಿಂದ ಬರುತ್ತೆ, ನೆಲದೊಳಗೇ ಹಿಡಿಯಬೇಕು. ಇಲ್ಲಿ ಬರೋದು ಮೇಲ್ಮೈ ನೀರು. ಎರೆಯಲ್ಲಿ ನೀರು ಪಕ್ಕಕ್ಕೆ ಜರುಗಿ ಪೈಪಿಗೆ ಬರೋ ಹೊತ್ತಿಗೆ ಮಳೆಗಾಲವೇ ಮುಗಿದಿರುತ್ತೆ. ಮೇಲಿಂದ ಕೆಸರು ನೀರು ಜಲ್ಲಿಗೆ ಇಳಿದರೆ ಎರಡು ಮಳೆಗಾಲದಲ್ಲಿ ಜಲ್ಲಿ ಸಂದೆಲ್ಲ ನುಣ್ಣನೆ ಎರೆ ತುಂಬಿ ಗಾರೆ ಹಾಕಿದ ಹಾಗೆ ಕೂತುಬಿಡುತ್ತೆ. ಎಲ್ಲಕ್ಕಿಂತ ಮುಖ್ಯ, ಎರೆ ಭೂಮಿಯಲ್ಲಿ ಪಾಯದ ಮಗ್ಗುಲಿಗೆ ಜಲ್ಲಿ ತುಂಬಿದ ಕಾಲುವೆ ತೆಗೆದರೆ ಪಾಯದ ಬುಡಕ್ಕೆ ನೀವೇ ನೀರು ಹಾಯಿಸಿದ ಹಾಗೆ. ಉಬ್ಬಿ ಗೋಡೆ ಇನ್ನಷ್ಟು ಬಿರಿಯುತ್ತೆ.

ಮಸಾರಿ (ಕೆಂಪು ಮಣ್ಣಿನ) ನೆಲ, ಕೆಳಗೆ ಗರಸು (ಕಲ್ಲು ಬೆರೆತ ಒರಟು ಮಣ್ಣು) ಇರೋ ಕಡೆ ಬಸಿಗಾಲುವೆ ಚೆನ್ನಾಗಿ ಕೆಲಸ ಮಾಡುತ್ತೆ. ಅಲ್ಲೂ ನಾಲ್ಕು ವಿಷಯ ತಪ್ಪಬಾರದು: ಪೈಪಿನ ತೂತು ಕೆಳಮುಖವಾಗಿರಬೇಕು, ಜಲ್ಲಿ ಸುತ್ತ ಜಿಯೋ ಬಟ್ಟೆ ಸುತ್ತಬೇಕು, 100 ಅಡಿಗೆ ಒಂದು ಅಡಿ ಇಳಿಜಾರು ಇರಬೇಕು, ಮೇಲಿನ ತುದಿಯಲ್ಲಿ ಪೈಪನ್ನ ನೆಲದ ಮೇಲಕ್ಕೆ ತಂದು ಮುಚ್ಚಳ ಹಾಕಿರಬೇಕು. ಕಟ್ಟಿಕೊಂಡಾಗ ಅಲ್ಲಿಂದ ನೀರು ರಭಸಕ್ಕೆ ಬಿಡೋಕೆ.

ಎರೆಹೊಲದ ಮನೆ

ಅಳೆದಾಯ್ತು ಸರ್. ನೈಋತ್ಯ 0. ವಾಯವ್ಯ 3 ಇಂಚು ಕೆಳಗೆ. ಆಗ್ನೇಯ 15 ಇಂಚು ಕೆಳಗೆ. ಈಶಾನ್ಯ 27 ಇಂಚು ಕೆಳಗೆ. ರಸ್ತೆ ಚರಂಡಿಯ ತಳ ಆಗ್ನೇಯದ ಹತ್ತಿರ 21, ಈಶಾನ್ಯದ ಹತ್ತಿರ 24 ಇಂಚು ಕೆಳಗೆ. ಚರಂಡಿ ಒಂದು ಅಡಿ ಅಗಲ, ಒಂದು ಅಡಿ ಆಳ. ಪಾಯ ಮನೆಯ ನೈಋತ್ಯ ಮೂಲೆಯಲ್ಲಿ 12 ಇಂಚು ಕಾಣುತ್ತೆ, ಈಶಾನ್ಯ ಮೂಲೆಯಲ್ಲಿ 26 ಇಂಚು.

ಚರಂಡಿ ತಳವೇ ಈಶಾನ್ಯದ ನೆಲಕ್ಕಿಂತ 3 ಇಂಚು ಮೇಲಿದೆ. ಹಾಗಾದರೆ ನೀರು ಹೊರಗೆ ಹಾಕೋಕೆ ಮೋಟರೇ ಗತಿನಾ?

ಮಟ್ಟಗೋಲು

ಮೋಟರ್ ಬೇಡ. ಈ ಅಳತೆಯಲ್ಲೇ ದಾರಿ ಇದೆ.

ಹೊಲದ ನೀರು ನಿಮ್ಮ ಗಡಿಗೆ ಬಂದಾಗ ಸೊನ್ನೆ ಮಟ್ಟದಲ್ಲಿರುತ್ತೆ, ರಸ್ತೆ ಚರಂಡಿ ತಳಕ್ಕಿಂತ 21 ಇಂಚು ಮೇಲೆ. ಈಶಾನ್ಯಕ್ಕೆ ಇಳಿದ ಮೇಲೆ ಆ ಎತ್ತರ ಪೂರಾ ಹೋಯ್ತು. ಹಾಗಾಗಿ ಇಳಿಯೋ ಮುಂಚೆಯೇ, ಪಶ್ಚಿಮ ಗಡಿಯಲ್ಲೇ ಹಿಡಿಯಬೇಕು. ಹಿಡಿದದ್ದನ್ನ ತಾನಾಗಿ ಹೋಗೋ ಉತ್ತರದ ಕಡೆಗೆ ಬಿಡದೆ ದಕ್ಷಿಣಕ್ಕೆ ತಿರುಗಿಸಿ, ದಕ್ಷಿಣ ಗಡಿಗುಂಟ ತಂದು ಆಗ್ನೇಯದಲ್ಲಿ ಚರಂಡಿಗೆ ಬಿಡಬೇಕು. ಉತ್ತರದ ಗಡಿಗುಂಟ ತಂದರೆ ಕೊನೆಯ ನಲವತ್ತು ಅಡಿ ಚರಂಡಿಯನ್ನ ನೆಲದ ಮೇಲೆ ಕಟ್ಟೆ ಕಟ್ಟಿ ಒಯ್ಯಬೇಕಾಗುತ್ತೆ, ಒಡೆದರೆ ನೇರ ಬೋರ್‌ವೆಲ್ ಮೇಲೆ.

ತಳದ ಮಟ್ಟ ಹೀಗೆ: ವಾಯವ್ಯದಲ್ಲಿ ಶುರು 11 ಇಂಚು ಕೆಳಗೆ (ಅಲ್ಲಿ ನೆಲದಿಂದ 8 ಇಂಚು ಆಳ). 60 ಅಡಿ ದಾಟಿ ನೈಋತ್ಯಕ್ಕೆ ಬಂದಾಗ 14.5 (ಆಳ 14.5). ಅಲ್ಲಿಂದ 90 ಅಡಿ, ಆಗ್ನೇಯದಲ್ಲಿ 20 (ನೆಲದಿಂದ 5 ಇಂಚು, ಚರಂಡಿ ತಳಕ್ಕಿಂತ 1 ಇಂಚು ಮೇಲೆ). ಒಟ್ಟು 150 ಅಡಿಗೆ 9 ಇಂಚು ಇಳಿತ, ಅಂದರೆ 200ಕ್ಕೆ 1. ಇದಕ್ಕಿಂತ ಸಪಾಟಾದರೆ ಹೂಳು ಕೂರುತ್ತೆ, 100ಕ್ಕೆ 1 ದಾಟಿದರೆ ಬರಿ ಮಣ್ಣಿನ ತಳ ಕೊರೆದು ಹೋಗುತ್ತೆ.

ತಳದ ಅಗಲ ಒಂದು ಅಡಿ. ದಂಡೆಗಳನ್ನ ನೆಟ್ಟಗೆ ಕಡಿಯಬೇಡಿ. ಒಂದು ಅಡಿ ಏರಿಗೆ ಒಂದು ಅಡಿ ಹೊರಕ್ಕೆ ಓರೆ ಇರಲಿ, ಎರೆಯಲ್ಲಿ ನೆಟ್ಟನೆ ದಂಡೆ ಮೊದಲ ಮಳೆಗೇ ಚಪ್ಪಡಿ ಚಪ್ಪಡಿಯಾಗಿ ಜಾರುತ್ತೆ. ತೆಗೆದ ಮಣ್ಣನ್ನೆಲ್ಲ ಮನೆ ಕಡೆಗೆ ಹಾಕಿ ಬದು ಮಾಡಿ, ಬದುವಿನ ತಲೆ ಚರಂಡಿ ತಳದಿಂದ ಎಲ್ಲ ಕಡೆಯೂ 18 ಇಂಚು ಎತ್ತರ ಇರಬೇಕು. ಜೆಸಿಬಿಯವರು ಅಭ್ಯಾಸಬಲದಿಂದ ಹೊಲದ ಕಡೆಗೆ ಮಣ್ಣು ಎಸೆದುಬಿಡ್ತಾರೆ, ಆಗ ಹೊಲದ ನೀರು ಚರಂಡಿಗೆ ಬೀಳದೆ ಬದುವಿಗೆ ಒರಗಿ ಎಲ್ಲೋ ಒಂದು ಕಡೆ ಒಡೆಯುತ್ತೆ. ಪಕ್ಕದಲ್ಲೇ ನಿಂತು ಹೇಳಿ. ಬದುವನ್ನ 6 ಇಂಚಿಗೊಂದು ಸಲ ದಿಮ್ಮಸು ಹೊಡೆದು ಕೂರಿಸಿ, ಮೇಲೆ ಗರಿಕೆ ನಾಟಿ. ನೈಋತ್ಯದ ತಿರುವನ್ನ ಮೂಲೆ ಕಡಿದ ಹಾಗೆ ಮಾಡದೆ 6–8 ಅಡಿ ಬಾಗಿನಲ್ಲಿ ತಿರುಗಿಸಿ, ಹೊರ ದಂಡೆಗೆ ಸೈಜುಗಲ್ಲು ಒತ್ತಿ.

ಒಂದು ಅಡಿ ನೀರು ಹರಿದರೆ ಈ ಅಳತೆಯ ಚರಂಡಿ ಸೆಕೆಂಡಿಗೆ ಸುಮಾರು 125 ಲೀಟರ್ ಒಯ್ಯುತ್ತೆ. ನಿಮಗೆ ಬೇಕಾದ್ದರ ಎರಡು ಪಟ್ಟು ಹತ್ತಿರ. ಆದರೆ ರಸ್ತೆ ಚರಂಡಿ? ಒಂದಡಿ–ಒಂದಡಿ ಚರಂಡಿ ಇದೇ ಇಳಿಜಾರಿನಲ್ಲಿ ತುಂಬಿ ಹರಿದರೂ 80 ಲೀಟರ್ ಆಸುಪಾಸು, ಊರ ನೀರೂ ಅದಕ್ಕೇ ಬರಬೇಕು. ಇಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಮಾತಾಡದೆ ಗತಿ ಇಲ್ಲ. ಬಾಯಿಮಾತಲ್ಲಿ ಬೇಡ, ಈ ಮಟ್ಟದ ಅಳತೆ ಬರೆದು ಅರ್ಜಿ ಕೊಡಿ, ಗ್ರಾಮಸಭೆಯಲ್ಲೂ ಓದಿಸಿ. ರಸ್ತೆ ಎತ್ತರವಾಗಿದ್ದಕ್ಕೆ ನೀರು ನಿಲ್ಲುತ್ತಿದೆ ಅಂತ ಅಂಕಿಯಲ್ಲಿ ತೋರಿಸಿದರೆ ಚರಂಡಿ ಅಗಲ ಮಾಡೋ ಕೆಲಸ ಕ್ರಿಯಾ ಯೋಜನೆಗೆ ಸೇರಿಸೋಕೆ ಅವರಿಗೂ ಆಧಾರ ಸಿಗುತ್ತೆ.

ಸಾಗುವಳಿ

ಹೊಲದವರಿಗೆ ಬದು ಹಾಕಿ ನೀರು ತಡೀರಿ ಅಂತ ಜೋರು ಮಾಡೋಕೆ ಹೋಗಬೇಡಿ. ಮೇಲಿನ ಜಮೀನಿನಲ್ಲಿ ಬಿದ್ದ ಮಳೆ ನೀರು ಸಹಜವಾಗಿ ಕೆಳಗಿನ ಜಮೀನಿಗೆ ಹರಿಯೋದಕ್ಕೆ ಕಾನೂನೇ ಒಪ್ಪುತ್ತೆ, 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್ ಉದಾಹರಣೆ ಸಮೇತ ಹೇಳುತ್ತೆ. ಸಹಜವಾಗಿ ಅನ್ನೋ ಮಾತು ಮುಖ್ಯ. ಅವರು ಕಾಲುವೆ ತೋಡಿ ನೀರನ್ನೆಲ್ಲ ಒಟ್ಟುಮಾಡಿ ನಿಮ್ಮ ಹಿತ್ತಲಿಗೇ ತಿರುಗಿಸಿದ್ದರೆ ಲೆಕ್ಕ ಬೇರೆ.

ಒಪ್ಪಿಸೋ ದಾರಿ ಇದು: ಇಳಿಜಾರಿಗೆ ಅಡ್ಡ ಉಳುಮೆ. ನಿಮ್ಮ ಕಡೆಗೆ ಇಳಿಜಾರಿಗುಂಟ ಸಾಲು ಹೊಡೆದಿದ್ದರೆ ಒಂದೊಂದು ಸಾಲೂ ಒಂದೊಂದು ಕಾಲುವೆ. ಅಡ್ಡ ಉಳುಮೆ ಮಾಡಿದರೆ ಸಾಲಲ್ಲೇ ನೀರು ತಡೆದು ನಿಧಾನಕ್ಕೆ ಬರುತ್ತೆ, ಮೇಲ್ಮಣ್ಣೂ ಉಳಿಯುತ್ತೆ. ಆದರೆ ಈರುಳ್ಳಿಗೆ ನೀರು ನಿಂತರೆ ಗೆಡ್ಡೆ ಕೊಳೆಯುತ್ತೆ, ಅದಕ್ಕೇ ಅವರು ನೀರು ಬೇಗ ಹೊರಗೆ ಹೋಗ್ಲಿ ಅಂತ ನೋಡ್ತಾರೆ. ಈರುಳ್ಳಿ ಹಾಕಿದ ವರ್ಷ ನಿಮಗೆ ನೀರು ಜಾಸ್ತಿ ಅಂತಲೇ ಇಟ್ಟುಕೊಳ್ಳಿ. ಹೊಲದ ಪಕ್ಕ ಹಳ್ಳ ಇದ್ದರೆ ಅರ್ಧ ಹೊಲದ ನೀರಿಗೆ ಆ ಕಡೆ ಕಲ್ಲು ಕಟ್ಟಿದ ಕೋಡಿ ಬಿಡಿಸಿಕೊಳ್ಳಿ, ಖರ್ಚು ನೀವು ಹಾಕಿದರೂ ಲಾಭವೇ.

ದುರ್ಗದ ಗಾರೆ

ಪಾಯದ ವಿಷಯ ಹೇಳ್ತೀನಿ, ಯಾರೂ ಮುಟ್ಟಿಲ್ಲ.

ಓರೆ ಬಿರುಕು ನೀರು ನಿಲ್ಲೋ ಮೂಲೆಯಲ್ಲೇ ಬಂದೈತೆ ಅಂದ್ರೆ ಆ ಮೂಲೆ ಎರೆ ಉಬ್ಬಿ ಮೇಲಕ್ಕೆ ಒತ್ತೈತೆ, ಬೇಸಿಗೆಗೆ ಮತ್ತೆ ಕುಗ್ಗುತ್ತೆ. ಬಿರುಕಿಗೆ ಈಗಲೇ ಸಿಮೆಂಟು ತುಂಬಬೇಡಿ. ಸಣ್ಣ ಗಾಜಿನ ಪಟ್ಟಿ ಬಿರುಕಿಗೆ ಅಡ್ಡ ಇಟ್ಟು ಎರಡು ತುದಿಗೆ ಸಿಮೆಂಟು ಮೆತ್ತಿ, ಪಕ್ಕ ತಾರೀಖು ಬರೀರಿ. ಗಾಜು ಒಡೆದರೆ ಗೋಡೆ ಇನ್ನೂ ಆಡ್ತಾ ಐತೆ ಅಂತ. ಒಂದು ಮಳೆಗಾಲ ಒಂದು ಬೇಸಿಗೆ ಕಳೆದ್ರೂ ಒಡೆಯದೆ ಉಳಿದರೆ ಆಗ ತುಂಬ್ರಿ. ಗಾಜು ಒಡೀತಾನೇ ಇದ್ದರೆ ಇಲ್ಲಿ ಕೇಳೋದು ಬಿಟ್ಟು ಎಂಜಿನಿಯರ್ ಕರೆಸಿ ತೋರಿಸಿ.

ಎರೆಯಲ್ಲಿ ಮನೆ ಕೆಡೋದು ನೀರಿಂದ ಅಂತಾರೆ, ನನ್ನ ಕೇಳಿದ್ರೆ ಒಂದು ಕಡೆ ಹಸಿ ಒಂದು ಕಡೆ ಒಣ ಇರೋದರಿಂದ. ಅದಕ್ಕೆ ಮನೆ ಸುತ್ತ ನಾಲ್ಕೂ ಕಡೆ 5 ಅಡಿ ಅಗಲ ಕಾಂಕ್ರೀಟ್ ಪಟ್ಟಿ ಬೇಕು. ಒಂದೇ ಕಡೆ ಹಾಕಿದರೆ ಹಾಕದೇ ಇರೋದೇ ವಾಸಿ. ಮಾಡೋದು ಹೀಗೆ: 5 ಅಡಿ ಅಗಲಕ್ಕೆ ಒಂದು ಅಡಿ ಎರೆ ತೆಗೀರಿ. ಜೇಡಿ ಬೆರೆತ ಕೆಂಪು ಗರಸು ಎರಡು ಪದರದಲ್ಲಿ ಹಾಕಿ, ನೀರು ಚಿಮುಕಿಸಿ ದಿಮ್ಮಸು ಹೊಡೀರಿ. ಸಡಿಲ ಗರಸು, ಕ್ರಷರ್ ಪುಡಿ ಬೇಡ, ಅದರ ಸಂದಿಯಲ್ಲಿ ನೀರು ನಿಂತು ಪಾಯಕ್ಕೇ ಕೊಡುತ್ತೆ. ಮೇಲೆ 250 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಜೋಡಣೆಯಲ್ಲಿ ಒಂದು ಅಡಿ ಒಂದರ ಮೇಲೊಂದು. ಅದರ ಮೇಲೆ 3 ಇಂಚು ಕಾಂಕ್ರೀಟು, ಗೋಡೆಯಿಂದ ಹೊರಕ್ಕೆ 5 ಅಡಿಗೆ 3 ಇಂಚು ಇಳಿಜಾರು. ಪ್ರತಿ 6 ಅಡಿಗೆ ಒಂದು ಸಂದು ಬಿಡಿ. ಗೋಡೆಗೂ ಪಟ್ಟಿಗೂ ಅಂಟಿಸಬೇಡಿ, ಅರ್ಧ ಇಂಚು ಜಾಗ ಬಿಟ್ಟು ಡಾಂಬರು ತುಂಬ್ರಿ. ಅಂಟಿಸಿದ್ರೆ ಪಟ್ಟಿ ಉಬ್ಬಿದಾಗ ಗೋಡೆಯ ಗಿಲಾವನ್ನೂ ಕಿತ್ಕೊಂಡು ಹೋಗುತ್ತೆ. ಪಟ್ಟಿ ಬಿರುಕು ಬಿಡುತ್ತೆ, ಬಿಡಲಿ, ವರ್ಷಕ್ಕೊಂದು ಸಲ ಡಾಂಬರು ಹಾಕ್ರಿ.

ಬಾಳೆ ಗಿಡ ಗೋಡೆಯಿಂದ 5 ಅಡಿ ಒಳಗಿದ್ದರೆ ಕಿತ್ತು ಬೇರೆ ಕಡೆ ಹಾಕಿ. ಬೇವು, ಅರಳಿ ಜಾತಿ ಮರ ಮನೆಗೆ ಮರದೆತ್ತರದಷ್ಟು ದೂರ ಇರಬೇಕು. ಬೇಸಿಗೆಯಲ್ಲಿ ಬೇರು ಎರೆಯ ತೇವ ಹೀರಿ ಪಾಯ ಕುಸೀತೈತೆ.

ತಾರಸಿ ನೀರು: 1200 ಚದರ ಅಡಿ ಅಂದ್ರೆ 111 ಚದರ ಮೀಟರ್. ಗಂಟೆಗೆ 100 ಮಿಮೀ ಮಳೆಗೆ 4 ಇಂಚಿನ ಪೈಪು ಒಂದು 85 ಚದರ ಮೀಟರ್‌ಗೆ ಸಾಕು, ಹಂಗಾಗಿ ಕನಿಷ್ಠ ಎರಡು ಬೇಕು. ಹಳ್ಳಿ ಮನೆಗಳಲ್ಲಿ ಎರಡು ಇಂಚಿನ ಚೂರು ಪೈಪು ಗೋಡೆಯಿಂದ ಅರ್ಧ ಅಡಿ ಆಚೆ ಬಿಟ್ಟಿರ್ತಾರೆ, ನೀರೆಲ್ಲ ಪಾಯದ ಬುಡಕ್ಕೇ. ಕೆಳಗಿನವರೆಗೆ ಪೈಪು ಇಳಿಸಿ.

ಮಟ್ಟಗೋಲು

ಗಾರೆ ಅಣ್ಣ ಹೇಳಿದ್ದು ಸರಿ, ಪಟ್ಟಿಯ ಕೆಲಸ ಮಾತ್ರ ಚರಂಡಿ ಆದ ಮೇಲೆ. ನೀರು ನುಗ್ಗುತ್ತಿರೋವಾಗ ಪಟ್ಟಿ ಹಾಕಿದರೆ ಅದರಡಿ ನೀರು ಕೊರೆಯುತ್ತೆ.

ಈಶಾನ್ಯ ಮೂಲೆಯ ಬಗ್ಗೆ: ಹೊಲದ ನೀರು ಬರೋದು ನಿಂತ ಮೇಲೆ ಅಲ್ಲಿ ಉಳಿಯೋದು ಅಂಗಳದಲ್ಲಿ ಬಿದ್ದ ನೀರು ಮಾತ್ರ. ಆ ಮೂಲೆಯನ್ನ 9 ಇಂಚು ಏರಿಸಿ 18ಕ್ಕೆ ತನ್ನಿ, ಮನೆಯ ಬುಡದಲ್ಲಿ 15ಕ್ಕೆ. ಸುಮಾರು 1000 ಚದರ ಅಡಿಗೆ ಸರಾಸರಿ 7 ಇಂಚು, 580 ಘನ ಅಡಿ. ದಿಮ್ಮಸಿಗೆ ಇಳಿಯೋದೂ ಸೇರಿ 7–8 ಯೂನಿಟ್ ಗರಸು ಬೇಕಾಗುತ್ತೆ. ಪಾಯ 26 ಇಂಚು ಕಾಣೋ ಕಡೆ 5 ಇಂಚು ಮುಚ್ಚಿದರೆ ತೊಂದರೆಯಿಲ್ಲ. ಆಮೇಲೆ ಕಾಂಪೌಂಡ್ ಬುಡದಲ್ಲಿ 4 ಇಂಚಿನ ಎರಡು ಪೈಪು ರಸ್ತೆ ಚರಂಡಿಗೆ. ಚರಂಡಿ ತುಂಬಿದಾಗ ಅದೇ ಪೈಪಲ್ಲಿ ನೀರು ವಾಪಸ್ ಬರುತ್ತೆ, ಅದಕ್ಕೆ ಹೊರಗಿನ ಬಾಯಿಗೆ ಲಾರಿ ಟ್ಯೂಬಿನ ತುಂಡು ಮೇಲಿನ ಅಂಚಿಗೆ ಮಾತ್ರ ಕಟ್ಟಿ ಜೋತುಬಿಡಿ. ಒಳಗಿನ ನೀರು ತಳ್ಳಿಕೊಂಡು ಹೋಗುತ್ತೆ, ಹೊರಗಿನದು ಬಂದರೆ ತಾನೇ ಮುಚ್ಚಿಕೊಳ್ಳುತ್ತೆ. ವರ್ಷಕ್ಕೊಂದು ಹೊಸದು ಹಾಕಿ, ಬಿಸಿಲಿಗೆ ಗಡುಸಾಗುತ್ತೆ.

ಬೋರ್‌ವೆಲ್ ಕೇಸಿಂಗ್ ಹೊಸ ನೆಲದಿಂದ ಎರಡು ಅಡಿ ಮೇಲೆ ಬರಬೇಕು. ಗಿಡ್ಡ ಇದ್ದರೆ ತುಂಡು ಜೋಡಿಸಿ, ಸುತ್ತ 4x4 ಅಡಿ ಕಾಂಕ್ರೀಟ್ ಕಟ್ಟೆ ಹೊರ ಇಳಿಜಾರಿನಲ್ಲಿ ಹಾಕಿ, ಬಾಯಿಗೆ ಭದ್ರ ಮುಚ್ಚಳ. ನಾಲ್ಕು ದಿನ ಹೊಲದ ಔಷಧಿ, ಕೊಟ್ಟಿಗೆ ನೀರು ಬೆರೆತು ಕೇಸಿಂಗ್ ಸುತ್ತ ನಿಂತಿದ್ದರೆ ಕುಡಿಯೋ ಮುಂಚೆ ನೀರು ಪರೀಕ್ಷೆ ಮಾಡಿಸಿ.

ಹೊಸದುರ್ಗ ತೆಂಗು

ಒಂದು ಸಂಶಯ. ಇಷ್ಟು ನೀರು ಚರಂಡಿಗೆ ಬಿಡೋ ಬದಲು ಬೋರ್‌ವೆಲ್‌ಗೇ ಇಂಗಿಸಬಹುದಲ್ವಾ? ಬರಗಾಲದ ಜಿಲ್ಲೆ ನಮ್ಮದು.

ಮಟ್ಟಗೋಲು

ಹೊಲದ ನೀರನ್ನ ಬೇಡವೇ ಬೇಡ. ಕೆಸರಿನಿಂದ ಬೋರ್‌ನ ಬಿರುಕುಗಳು ಮುಚ್ಚುತ್ತವೆ, ಈರುಳ್ಳಿಗೆ ಹೊಡೆದ ಔಷಧಿ ನೇರ ಕೆಳಗೆ ಇಳಿಯುತ್ತೆ. ಅಲ್ಲಿಂದ ವಾಪಸ್ ತೆಗೆಯೋ ದಾರಿ ಇಲ್ಲ. ಆ ನೀರು ಬೇಕೆಂದರೆ ಹೊಲದವರು ಕೃಷಿ ಹೊಂಡ ತೆಗೆಸಲಿ. ಇಂಗದ ಎರೆ ಅದಕ್ಕೆ ಒಳ್ಳೆಯದೇ.

ತಾರಸಿ ನೀರು ಬೇರೆ ಮಾತು. 50 ಮಿಮೀ ಮಳೆಗೆ 111 ಚದರ ಮೀಟರ್‌ನಿಂದ ಕೈಗೆ ಸಿಗೋದು 4,700 ಲೀಟರ್ ಹತ್ತಿರ. 5,000 ಲೀಟರ್ ತೊಟ್ಟಿಗೆ ಮೊದಲು, ತುಂಬಿ ಉಕ್ಕಿದ್ದು ಶೋಧಿಸಿ ಬೋರ್‌ಗೆ. ಮೊದಲ 2 ಮಿಮೀ ನೀರು, ಅಂದರೆ ಒಂದು ಡ್ರಮ್ಮಿನಷ್ಟು, ಹಕ್ಕಿ ಹಿಕ್ಕೆ ಧೂಳು ತೊಳೆದುಕೊಂಡು ಬರುತ್ತೆ, ಅದನ್ನ ಹೊರಗೆ ಬಿಡಬೇಕು. ಜಿಲ್ಲೆಯ ಎಷ್ಟೋ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಇರೋದರಿಂದ ಕುಡಿಯೋಕೆ ಅಡುಗೆಗೆ ತೊಟ್ಟಿ ನೀರೇ ಮೇಲು, ಸೋಸಿ ಕಾಯಿಸಿ ಬಳಸಿ. ಒಂದು ತುಂಬಿದ ಮೇಲೆ ಉಕ್ಕಿದ್ದು ಕೆಳಗಿನದಕ್ಕೆ, ದುರ್ಗದ ಕೋಟೆಯ ಹೊಂಡಗಳ ಲೆಕ್ಕವೂ ಇದೇ ತಾನೆ.

ಹಿತ್ತಲ ಕೈತೋಟ

ಬಚ್ಚಲು ನೀರು ಉಳೀತು. ಮನೆಯಲ್ಲಿ ಐದು ಜನ ಅಂತಿಟ್ಟುಕೊಳ್ಳಿ, ತಲೆಗೆ 55 ಲೀಟರ್ ಬಳಸಿದರೆ ದಿನಕ್ಕೆ ಹೊರಗೆ ಬರೋದು 220 ಲೀಟರ್. ಅಷ್ಟೇನೂ ಅಲ್ಲ, ಆದರೆ ದಿನಾ ಒಂದೇ ಜಾಗಕ್ಕೆ ಬಿದ್ದರೆ ಎರೆಯಲ್ಲಿ ಕೊಚ್ಚೆ ಗ್ಯಾರಂಟಿ.

ಬಚ್ಚಲು ನೀರಿಗೆ ಅಂತ ಎಲ್ಲರೂ ಇಂಗು ಗುಂಡಿ ತೋಡಿಸ್ತಾರೆ. ತೋಡೋ ಮುಂಚೆ ಪರೀಕ್ಷೆ ಮಾಡಿ: ಗುಂಡಿ ಇಡೋ ಆಳದಲ್ಲಿ ಒಂದು ಅಡಿ ಚೌಕದ ಕುಳಿ, ರಾತ್ರಿಯಿಡೀ ನೀರು ತುಂಬಿಡಿ. ಬೆಳಿಗ್ಗೆ ಅರ್ಧ ಅಡಿ ನೀರು ಹಾಕಿ ಒಂದು ಇಂಚು ಇಳಿಯೋಕೆ ಎಷ್ಟು ಹೊತ್ತು ನೋಡಿ. ಅರ್ಧ ಗಂಟೆ ಒಳಗಾದರೆ ಗುಂಡಿ ಸರಿ, ಒಂದು ಗಂಟೆ ದಾಟಿದರೆ ಮರೆತುಬಿಡಿ. ಕೆಲವು ಕಡೆ ಎರೆ 4–5 ಅಡಿಗೆ ಮುಗಿದು ಕೆಳಗೆ ಗರಸು ಸಿಗುತ್ತೆ, ಅದಕ್ಕೇ ಆಳದಲ್ಲಿ ನೋಡಬೇಕು ಅನ್ನೋದು. ಬೇಸಿಗೆಯ ಬಿರುಕಲ್ಲಿ ಪರೀಕ್ಷೆ ಮಾಡಿದರೆ ಸುಳ್ಳು ಲೆಕ್ಕ ಬರುತ್ತೆ.

ಇಂಗದಿದ್ದರೆ ಕಾಬಾಳೆ (ಕ್ಯಾನಾ ಹೂವಿನ ಗಿಡ) ಮಡಿ ಮಾಡಿ, ಅಂದರೆ ಬಚ್ಚಲು ನೀರನ್ನ ಜಲ್ಲಿ, ಗಿಡದ ಬೇರಿನ ನಡುವೆ ಹಾಯಿಸೋ ಮಡಿ. ಮೊದಲು ಜಿಡ್ಡು ತಡೆಯೋ ತೊಟ್ಟಿ, ಒಳಗೆ ಒಂದೂವರೆ ಅಡಿ ಚೌಕ, ಎರಡು ಅಡಿ ಆಳ. ಹೊರಹೋಗೋ ಪೈಪಿಗೆ T ಆಕಾರದ ಜೋಡಣೆ ಹಾಕಿ, ಅದರ ಕೆಳಬಾಯಿ ನೀರಿನೊಳಗೆ ಒಂದು ಅಡಿ ಮುಳುಗಿರಬೇಕು, ಆಗ ಎಣ್ಣೆ ಮೇಲೆ, ಅನ್ನದಗಳು ಕೆಳಗೆ ಉಳಿದು ನಡುವಿನ ನೀರು ಮಾತ್ರ ಮುಂದೆ ಹೋಗುತ್ತೆ. ವಾರಕ್ಕೊಂದು ಸಲ ಜಿಡ್ಡು ತೆಗೆದು ತಿಪ್ಪೆಗೆ ಹಾಕಿ. ಇದನ್ನ ಬಿಟ್ಟವರದೇ ಮಡಿ ಆರು ತಿಂಗಳಿಗೆ ಕಟ್ಟಿಕೊಂಡು ಗಬ್ಬು ನಾರೋದು.

ಆಮೇಲೆ ಮಡಿ: 10 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಆಳ, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ. ಎರಡೂ ತುದಿಗೆ ಒಂದೊಂದು ಅಡಿ 40 ಎಂಎಂ ಜಲ್ಲಿ, ನಡುವೆ 20 ಎಂಎಂ. ಹೊರಹೋಗೋ ಪೈಪಿನ ಮಟ್ಟ ಜಲ್ಲಿಯ ತಲೆಯಿಂದ 6 ಇಂಚು ಕೆಳಗಿದ್ದರೆ ನೀರು ಮೇಲೆ ಕಾಣಲ್ಲ, ಸೊಳ್ಳೆ ಇಲ್ಲ. ಕಾಬಾಳೆ, ಕೆಸು ಒಂದೊಂದು ಅಡಿಗೆ ನೆಡಿ. ಇಷ್ಟರಲ್ಲಿ 500 ಲೀಟರ್ ನೀರು ನಿಲ್ಲುತ್ತೆ, ಅಂದರೆ ಎರಡು ದಿನದ ನೀರು ಗಿಡದ ಬೇರಲ್ಲಿ ಇರುತ್ತೆ. ಹೊರಬಂದದ್ದು ತೆಂಗಿಗೆ ಬಿಡಿ, ಸೊಪ್ಪಿನ ಮಡಿಗೆ ಬೇಡ. ಪೂರ್ತಿ ಇದನ್ನ ಮನೆಯಿಂದ 10 ಅಡಿ, ಬೋರ್‌ವೆಲ್‌ನಿಂದ 50 ಅಡಿ ದೂರ ಇಡಿ. ನಿಮಗೆ ಆಗ್ನೇಯ ಸರಿಹೋಗಬಹುದು.

ಕೊಟ್ಟಿಗೆ ನೀರು ಇದಕ್ಕೆ ಸೇರಿಸಬೇಡಿ, ಗಂಜಲದ ಖಾರಕ್ಕೆ ಕಾಬಾಳೆ ಸುಟ್ಟು ಹೋಗುತ್ತೆ. ಕೊಟ್ಟಿಗೆ ನೆಲಕ್ಕೆ 40ಕ್ಕೆ 1 ಇಳಿಜಾರು, ಹಿಂದೆ ಅರ್ಧ ಅಡಿ ಕಾಲುವೆ, ತುದಿಯಲ್ಲಿ ಸಿಮೆಂಟ್ ರಿಂಗಿನ ಗಂಜಲದ ಗುಂಡಿ, ತಳಕ್ಕೂ ಕಾಂಕ್ರೀಟು. ಸಗಣಿ ಮೊದಲು ಬಾಚಿ ತೆಗೆದು ಆಮೇಲೆ ನೀರು ಹಾಕಿದರೆ ಅರ್ಧಕ್ಕರ್ಧ ನೀರು ಉಳಿಯುತ್ತೆ.

ಎರೆಹೊಲದ ಮನೆ

ತುಂಬಾ ಉಪಕಾರ, ಅಕ್ಕ, ಅಣ್ಣಂದಿರೇ. ಕೊನೆಗೆ ಎರಡು. ಜೆಸಿಬಿ ಯಾವಾಗ ಕರೆಸಲಿ? ಹಿತ್ತಲಿಂದ ಹೊಲದ ದಾರಿಗೆ ಟ್ರಾಕ್ಟರ್ ಹೋಗಬೇಕು, ಅಲ್ಲಿ ಚರಂಡಿಗೆ ಪೈಪು ಹಾಕಲಾ?

ಮಟ್ಟಗೋಲು

ಬಿರುಬೇಸಿಗೆಯಲ್ಲಿ ಎರೆ ಕಲ್ಲಿನ ಹಾಗೆ ಗಟ್ಟಿ, ಹೆಂಟೆ ಏಳುತ್ತೆ, ಇಳಿಜಾರು ಹಿಡಿಯೋಕೆ ಆಗಲ್ಲ. ಮಳೆ ಹಿಡಿದ ಮೇಲೆ ಗಾಡಿ ಹೂತುಕೊಳ್ಳುತ್ತೆ. ಮುಂಗಾರಿನ ಒಂದೆರಡು ಮಳೆ ಬಿದ್ದು ಬಿತ್ತನೆಗೆ ಹದ ಬಂದಾಗ ತೆಗೆಸಿ, ಹಸ್ತದ ಹೊತ್ತಿಗೆ ಗರಿಕೆ ಹಿಡಿದಿರುತ್ತೆ. ಆಗ್ನೇಯದ ಕೊನೆಯಿಂದ ಶುರು ಮಾಡಿ ಮೇಲಕ್ಕೆ ಹೋಗಿ. ನಡುವೆ ಮಳೆ ಬಂದರೂ ತೆಗೆದಷ್ಟು ಹರಿದು ಹೋಗುತ್ತೆ. 10 ಅಡಿಗೊಂದು ಗೂಟ ಹೊಡೆದು ದಾರ ಕಟ್ಟಿ, 10 ಅಡಿಗೆ 15 ಎಂಎಂ ಇಳಿತ. ಜೆಸಿಬಿ ಬಕೆಟ್ ಎರಡು ಅಡಿ ಅಗಲ ಇದ್ದರೆ ಒಂದು ಅಡಿ ತಳಕ್ಕೆ ಹಟ ಬೇಡ, ಎರಡಡಿಯೇ ಇರಲಿ. ಕೊನೆಯ 3 ಇಂಚು ಮಾತ್ರ ಗುದ್ದಲಿಯಲ್ಲೇ ತೆಗೆಸಿ. ಅತಿ ತೆಗೆದು ಮತ್ತೆ ಮಣ್ಣು ತುಂಬಿದ ಕಡೆ ತಳ ಕುಸಿದು ನೀರು ನಿಲ್ಲುತ್ತೆ.

ಟ್ರಾಕ್ಟರ್ ದಾರಿಗೆ ಪೈಪು ಬೇಡ. ಅಲ್ಲಿ ಚರಂಡಿ ಆಳ 8 ರಿಂದ 14 ಇಂಚು, ಒಂದು ಅಡಿ ಹ್ಯೂಮ್ ಪೈಪು ಇಟ್ಟರೆ ಮೇಲೆ ಮಣ್ಣು ಕೂರೋಕೆ ಜಾಗವಿಲ್ಲ, ಗೊಬ್ಬರದ ಲೋಡಿಗೆ ಒಡೆಯುತ್ತೆ. ಜೊತೆಗೆ ಜೋಳದ ರವದಿ ಬಂದು ಬಾಯಿ ಕಟ್ಟಿದರೆ ನೀರೆಲ್ಲ ಬದು ಹತ್ತಿ ಮನೆಗೆ. ಅದರ ಬದಲು 12 ಅಡಿ ಅಗಲಕ್ಕೆ ಚರಂಡಿಯ ದಂಡೆ, ಬದು ಎರಡನ್ನೂ ಒಂದಕ್ಕೆ ಆರರಂತೆ ಸಪಾಟು ಓರೆ ಮಾಡಿ, 6 ಇಂಚು ಗರಸಿನ ಮೇಲೆ ಸೈಜುಗಲ್ಲು ಮಲಗಿಸಿ ಸಂದಿಗೆ 1:4 ಗಾರೆ ತುಂಬಿ. ಗಾಡಿ ತಗ್ಗಿಗೆ ಇಳಿದು ಹತ್ತುತ್ತೆ. ಬದುವಿನ ತಲೆ ಅಲ್ಲೂ ತಳದಿಂದ 18 ಇಂಚು ಇರಲೇಬೇಕು. ಟ್ರಾಕ್ಟರ್ ಓಡಾಡಿ ಸವೆಯೋದು ಮೊದಲು ಅದೇ ಜಾಗ, ಪ್ರತಿ ವರ್ಷ ಉತ್ತರೆಗೆ ಮುಂಚೆ ಮಟ್ಟದ ಪೈಪು ಹಿಡಿದು ನೋಡಿ.